ಯಾವ ರಾಯರ ಪೇಟೆಂಟ್?

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದವರು ನನಗೆ ಒಪ್ಪಿಸಿದ ಕೆಲಸ ಕೇಳುವುದಕ್ಕೆ ಸಣ್ಣದಾಗಿತ್ತು. ಇಲ್ಲಿ ಓದಿ ಹೋದವರ ಹೆಸರಿನಲ್ಲಿರುವ ಪೇಟೆಂಟ್‌ಗಳನ್ನು ಹುಡುಕಿ, ಒಬ್ಬೊಬ್ಬರ ವೃತ್ತಿಜೀವನದ ನಾಲ್ಕು ಸಾಲು ಸೇರಿಸಿ, ಸ್ಮರಣ ಸಂಚಿಕೆಗೆ ಒಂದು ಪಟ್ಟಿ ಮಾಡಿಕೊಡಬೇಕು. ಮಂಗಳೂರಿನಲ್ಲಿ ಕುಳಿತು ಹೊರಗಿನ ಕಂಪನಿಗಳಿಗೆ ಪೇಟೆಂಟ್ ಹುಡುಕಿಕೊಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಬೇರೆಯವರನ್ನು ಕೇಳುವ ಪ್ರಶ್ನೆಯೇ ಅವರಿಗೆ ಬರಲಿಲ್ಲ. ಆದರೆ ನಾನು ದಿನನಿತ್ಯ ಹುಡುಕುವುದು ತಂತ್ರಜ್ಞಾನವನ್ನು, ಮನುಷ್ಯರನ್ನಲ್ಲ. ತಂತ್ರಜ್ಞಾನಕ್ಕೆ ವರ್ಗೀಕರಣ ಸಂಖ್ಯೆ ಇರುತ್ತದೆ. ಕರಾವಳಿಯ ಮನುಷ್ಯನಿಗೆ ಇರುವುದು ರಾವ್, ಶೆಟ್ಟಿ, ಭಟ್, ಪೈ, ಕಾಮತ್, ಶೆಣೈ, ಆಚಾರ್ಯ, ಡಿಸೋಜಗಳಲ್ಲಿ ಒಂದು. ಅದರ ಹಿಂದೆ ಸುರೇಶ, ರಮೇಶ, ಗಣೇಶ, ಪ್ರಕಾಶ. 1960ರ ದಶಕದಲ್ಲಿ ನಮ್ಮ ಊರುಗಳ ತಂದೆತಾಯಿಯರಿಗೆ ಹೆಸರಿನ ವಿಷಯದಲ್ಲಿ ಕಲ್ಪನೆ ಕಡಿಮೆಯಿತ್ತು ಎಂದರೆ ಯಾರೂ ಬೇಸರಿಸಬಾರದು.

ಈ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. ಯು. ಆರ್. ರಾವ್, ಸಿ. ಎನ್. ಆರ್. ರಾವ್, ಸಿ. ಆರ್. ರಾವ್ ಮೂವರೂ ಕರ್ನಾಟಕದಲ್ಲಿ ಹುಟ್ಟಿದವರು, ಮೂವರೂ ವಿಜ್ಞಾನದಲ್ಲಿ ಜಗತ್ತಿಗೇ ಗೊತ್ತಿದ್ದವರು. ಒಬ್ಬರು ಉಪಗ್ರಹ, ಒಬ್ಬರು ರಸಾಯನ ವಿಜ್ಞಾನ, ಒಬ್ಬರು ಸಂಖ್ಯಾಶಾಸ್ತ್ರ. ಆದರೂ ಒಬ್ಬರ ಸಾಧನೆಯನ್ನು ಇನ್ನೊಬ್ಬರ ಚಿತ್ರದ ಕೆಳಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಯು. ಆರ್. ರಾವ್ ಅವರದಂತೂ ನನ್ನ ಪಾಲಿಗೆ ಪಾಠದಂಥ ಪ್ರಕರಣ. ಅವರು 1932ರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದರು. ಅವರ ಪರಿಚಯದಲ್ಲಿ ‘ಎಂಐಟಿ’ ಎಂದಿದೆ. ಉಡುಪಿಯ ಮನುಷ್ಯ, ಎಂಐಟಿ ಎಂದೊಡನೆ ಇಲ್ಲಿನವರ ಮನಸ್ಸು ನೇರ ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಹೋಗುತ್ತದೆ. ಅವರು ಕೆಲಸ ಮಾಡಿದ್ದು ಅಮೆರಿಕದ ಮಸಾಚುಸೆಟ್ಸ್‌ನ ಎಂಐಟಿಯಲ್ಲಿ. ಇದರ ತಿರುವುಮುರುವೂ ನಡೆಯುತ್ತದೆ: ಮಣಿಪಾಲದಲ್ಲಿ ಓದಿದ ಎಂಜಿನಿಯರ್‌ನನ್ನು ಗಣಕಯಂತ್ರಗಳು ಮಸಾಚುಸೆಟ್ಸ್‌ಗೆ ಸೇರಿಸಿಬಿಡುತ್ತವೆ, ಆತನೂ ಸುಮ್ಮನಿರುತ್ತಾನೆ.

ವಿಶ್ವವಿದ್ಯಾಲಯಗಳ ಹೆಸರನ್ನೂ ಹೀಗೆಯೇ ಎಚ್ಚರಿಕೆಯಿಂದ ಓದಬೇಕು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬರುವ ಮೊದಲು ಸುರತ್ಕಲ್ಲಿನ ಕೆಆರ್‌ಇಸಿಯಲ್ಲಿ, ಅಂದರೆ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಓದಿದವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಅದೇ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಟಿಕೆ ಆಯಿತು. ಒಂದೇ ಕಟ್ಟಡದಲ್ಲಿ ಓದಿದ ಅಣ್ಣ, ತಮ್ಮ, ಅಣ್ಣನ ಮಗ ಮೂವರ ಪರಿಚಯದಲ್ಲಿ ಮೂರು ಸಂಸ್ಥೆಗಳ ಹೆಸರಿರಬಹುದು. ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಅರ್ಜಿಯಲ್ಲಿ ಕುಂದಾಪುರದವರೂ ದಕ್ಷಿಣ ಕನ್ನಡದವರೇ.

ಇನ್ನು ಕಾಗುಣಿತ. ಶೆಟ್ಟಿಯ ಕೊನೆಗೆ ಇಂಗ್ಲಿಷಿನ ವೈ ಹಾಕುವವರು, ಐ ಹಾಕುವವರು. ಭಟ್ಟರಲ್ಲಿ ಒಂದು ಟಿ, ಎರಡು ಟಿ. ಕಾಮತರಲ್ಲಿ ಎಚ್ ಇರುವವರು, ಇಲ್ಲದವರು. ಡಿಸೋಜದ ನಡುವಿನ ಅಪಾಸ್ಟ್ರಫಿ ಕೆಲವು ದತ್ತಾಂಶಗಳಲ್ಲಿ ಖಾಲಿ ಜಾಗವಾಗಿ, ಡಿ ಒಂದು ಕಡೆ, ಸೋಜ ಇನ್ನೊಂದು ಕಡೆ ಬೀಳುತ್ತದೆ. ಕುಲನಾಮ ಬಳಸದೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇಟ್ಟುಕೊಂಡಿದ್ದವರು ವೀಸಾ ಕಾಗದದ ಒತ್ತಡಕ್ಕೆ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕುಲನಾಮ ಮಾಡಿಕೊಂಡಿರುತ್ತಾರೆ. ಮದುವೆಯ ನಂತರ ಪೈ ಹೋಗಿ ಕಾಮತ್ ಆದ ಮಹಿಳೆಯರ ಅರ್ಧ ಪೇಟೆಂಟ್ ಒಂದು ಹೆಸರಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಪಟ್ಟಿ ಮಾಡುವವರು ಸಾಮಾನ್ಯವಾಗಿ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವ ಬಗ್ಗೆ ಮಾತ್ರ ತಲೆಕೆಡಿಸಿಕೊಳ್ಳುತ್ತಾರೆ. ಎರಡು ಹೆಸರಾಗಿ ಒಡೆದುಹೋದ ಒಬ್ಬರನ್ನು ಕೂಡಿಸುವ ಕೆಲಸ ಯಾರಿಗೂ ನೆನಪಾಗುವುದಿಲ್ಲ. ಅದರಲ್ಲಿ ಸೋಲುವವರು ಹೆಚ್ಚಾಗಿ ಹೆಂಗಸರು.

ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಸರು ಬೇಡ, ‘ಪಿ. ರಾವ್’ ಎನ್ನೋಣ. ಹುಡುಕಿದಾಗ ಸಿಕ್ಕ ರಾಶಿಯನ್ನು ಮೊದಲು ವರ್ಗೀಕರಣದ ಪ್ರಕಾರ ಹಂಚಿದೆ. ಎ61ಕೆ ಎಂದರೆ ಔಷಧ ತಯಾರಿಕೆ. ಆ ರಾಯರು ಹೈದರಾಬಾದಿನವರು, ಒಂದೇ ನೋಟಕ್ಕೆ ಬೇರೆಯಾದರು. ಇನ್ನೊಂದು ಅರ್ಜಿ ಎ63ಬಿ ವರ್ಗದಲ್ಲಿತ್ತು. ಅದು ಕ್ರೀಡಾ ಸಾಮಗ್ರಿಗಳ ವರ್ಗ. ತೆರೆದು ನೋಡಿದರೆ ಅಡಿಕೆ ಮರ ಏರುವ ಸಾಧನ! ಕಂಬ, ಮರ ಹತ್ತುವ ಉಪಕರಣಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಜಾಗ ಇರುವುದು ಅಲ್ಲಿಯೇ, ವ್ಯಾಯಾಮದ ಸಲಕರಣೆಗಳ ಪಕ್ಕದಲ್ಲಿ. ನಮ್ಮ ತೋಟದವರು ಇದನ್ನು ಕೇಳಿದರೆ ನಗುತ್ತಾರೋ ಬೈಯುತ್ತಾರೋ ಗೊತ್ತಿಲ್ಲ. ಆ ರಾಯರೂ ಬೇರೆ.

ಉಳಿದದ್ದು ಎಚ್04ಎಲ್, ಅಂದರೆ ದತ್ತಾಂಶ ಸಂವಹನ. ಇಲ್ಲಿ ಇಬ್ಬರಿದ್ದರು. ಇಬ್ಬರೂ ನೆಟ್‌ವರ್ಕ್ ಎಂಜಿನಿಯರ್‌ಗಳು, ಇಬ್ಬರ ವಿಳಾಸವೂ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ. ಅಮೆರಿಕದ ಪೇಟೆಂಟಿನ ಮುಖಪುಟದಲ್ಲಿ ಆವಿಷ್ಕಾರಕರ ಊರು, ರಾಜ್ಯ ಮಾತ್ರ ಇರುತ್ತದೆ, ಬೀದಿ ಇರುವುದಿಲ್ಲ. ಅಮೆರಿಕದ ಪೇಟೆಂಟ್ಸ್‌ವ್ಯೂ ದತ್ತಾಂಶ 1976ರಿಂದ ಈಚಿನ ಆವಿಷ್ಕಾರಕರನ್ನು ಗಣಕದ ಲೆಕ್ಕಾಚಾರದಿಂದ ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಗುರುತು ಕೊಡುತ್ತದೆ. ಮೊದಲ ವಿಂಗಡಣೆಗೆ ಅದು ಒಳ್ಳೆಯದು. ಒಂದೇ ಊರು, ಒಂದೇ ವಿಷಯ, ಒಂದೇ ಹೆಸರು ಎಂದಾಗ ಅದರ ಮೇಲೆ ಭಾರ ಹಾಕಲು ನನಗೆ ಧೈರ್ಯವಿಲ್ಲ.

ಆಗ ಎಲ್ಲರೂ ಹೇಳುವ ಉಪಾಯ ಸಹ ಆವಿಷ್ಕಾರಕರನ್ನು ನೋಡುವುದು. ನೋಡಿದೆ. ಎರಡು ತಂಡಗಳು ಸ್ಪಷ್ಟವಾಗಿ ಬೇರೆಯಾದವು, ಆದರೆ ಒಬ್ಬ ವ್ಯಕ್ತಿ ಎರಡು ಕಡೆಯೂ ಇದ್ದ. ಅಂದರೆ ಇಬ್ಬರು ರಾಯರೂ ಒಬ್ಬರೇ? ಅವಸರ ಬೇಡ. ಆ ಸಿಲಿಕಾನ್ ಕಣಿವೆಯಲ್ಲಿ ಜನ ಕಂಪನಿ ಬದಲಿಸುವುದು ಸಾಮಾನ್ಯ. ಆ ವ್ಯಕ್ತಿ ಮೊದಲು ಒಬ್ಬ ರಾಯರ ಜೊತೆ, ಆಮೇಲೆ ಇನ್ನೊಬ್ಬರ ಜೊತೆ ಕೆಲಸ ಮಾಡಿರಬಹುದು. ನನ್ನ ನಿಯಮ ಗಟ್ಟಿಯಾದದ್ದು ಇಲ್ಲಿ: ಇಬ್ಬರನ್ನು ಒಬ್ಬರೆಂದು ಬರೆಯಬೇಕಾದರೆ ಎರಡು ಸಾಕ್ಷಿ ಬೇಕು, ಒಂದು ಇನ್ನೊಂದರಿಂದ ಹುಟ್ಟಿದ್ದಾಗಿರಬಾರದು. ಸಹೋದ್ಯೋಗಿಯೂ ಕಂಪನಿಯೂ ಎರಡು ಸಾಕ್ಷಿಯಲ್ಲ. ಒಂದೇ ಕಂಪನಿಯಲ್ಲಿದ್ದುದಕ್ಕೇ ಅವರು ಸಹೋದ್ಯೋಗಿಗಳು.

ಗಂಟು ಬಿಡಿಸಿದ ಸಾಕ್ಷಿ ಸಿಕ್ಕಿದ್ದು ಕಡತದಲ್ಲಿ. ಅಮೆರಿಕದ ಪೇಟೆಂಟ್ ಕಚೇರಿಯ ಪೇಟೆಂಟ್ ಸೆಂಟರ್ ಜಾಲತಾಣದಲ್ಲಿ ಪ್ರಕಟವಾದ ಅರ್ಜಿಗಳ ಕಡತವನ್ನೇ ಪುಟಪುಟವಾಗಿ ತೆರೆಯಬಹುದು. ಅದರೊಳಗೆ ಆವಿಷ್ಕಾರಕರು ಸಹಿ ಹಾಕಿದ ಘೋಷಣಾ ಪತ್ರದ ಸ್ಕ್ಯಾನ್ ಪ್ರತಿ ಇರುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಕಾನೂನು ಬದಲಾಗುವ ಮೊದಲಿನ ಪತ್ರಗಳಲ್ಲಿ ಪೂರ್ಣ ಹೆಸರು, ವಾಸಸ್ಥಳ, ಅಂಚೆ ವಿಳಾಸ, ಪೌರತ್ವ ಎಲ್ಲವೂ ಇರುತ್ತದೆ. ಪೌರತ್ವದ ಕಾಲಂ ‘ಭಾರತ’ದಿಂದ ‘ಅಮೆರಿಕ’ಕ್ಕೆ ಬದಲಾದ ವರ್ಷವೂ ಅಲ್ಲಿ ಗೊತ್ತಾಗುತ್ತದೆ. ನಾನು ಒಂದೊಂದೇ ಪತ್ರ ತೆರೆಯುತ್ತ ಹೋದೆ. ಮುಂಗುರುಳಿನಂತೆ ಬಾಗಿದ ಇಂಗ್ಲಿಷ್ ಸಹಿಗಳ ಸಾಲಿನ ನಡುವೆ, ವಕೀಲರ ಕಚೇರಿ ಅಚ್ಚುಹಾಕಿಸಿದ ಗೆರೆಯ ಮೇಲೆ, ನೀಟಾಗಿ ತಲೆಕಟ್ಟು ಕೊಟ್ಟು ಬರೆದ ಕನ್ನಡ ಸಹಿ! ಕೊನೆಯಲ್ಲಿ ಸ್ಪಷ್ಟವಾದ ಅರ್ಧಾಕ್ಷರದ ‘ವ್’. ಒಂದು ತಂಡದ ಎಲ್ಲ ಪತ್ರಗಳಲ್ಲೂ ಅದೇ ಕೈ. ಇನ್ನೊಂದು ತಂಡದ ರಾಯರದು ಗೀಚಿದಂಥ ಇಂಗ್ಲಿಷ್ ಸಹಿ. ಎರಡು ತಂಡಗಳನ್ನು ಬೆಸೆಯುವಂತೆ ಕಾಣುತ್ತಿದ್ದ ಆ ವ್ಯಕ್ತಿ ಈ ಇನ್ನೊಂದು ತಂಡದ ಜೊತೆ ಮಾಡಿದ ಪೇಟೆಂಟಿನಲ್ಲಿಯೂ ರಾಯರದು ಇಂಗ್ಲಿಷ್ ಸಹಿ. ಇಬ್ಬರು ರಾಯರು ಬೇರೆಬೇರೆ ಎಂಬುದು ಇತ್ಯರ್ಥವಾಯಿತು.

ಕನ್ನಡದಲ್ಲಿ ಸಹಿ ಹಾಕಿದವರೇ ನಮ್ಮವರು ಎಂದು ಸಮಿತಿಯ ಒಬ್ಬರು ಸಂಭ್ರಮಿಸಿದರು. ಅಲ್ಲ. ಐಇಇಇ ಎಂಬ ಎಂಜಿನಿಯರ್‌ಗಳ ಸಂಘದ ಸಂಶೋಧನಾ ನಿಯತಕಾಲಿಕೆಗಳಲ್ಲಿ ಲೇಖನದ ಕೊನೆಗೆ ಲೇಖಕರ ಕಿರುಪರಿಚಯ ಅಚ್ಚಾಗುತ್ತದೆ: ಎಲ್ಲಿ ಓದಿದರು, ಯಾವ ವರ್ಷ, ಆಮೇಲೆ ಎಲ್ಲೆಲ್ಲಿ ದುಡಿದರು. ಅದರ ಪ್ರಕಾರ ಕನ್ನಡ ಸಹಿಯವರು ಓದಿದ್ದು ಹುಬ್ಬಳ್ಳಿಯಲ್ಲಿ. ನಮ್ಮ ರಾಯರು ಇಂಗ್ಲಿಷಿನಲ್ಲಿ ಗೀಚುವವರು. ಅವರ ತಾಯಿ ಮಂಗಳೂರಿನ ಬಿಜೈಯಲ್ಲಿದ್ದಾರೆ. ಫೋನ್ ಮಾಡಿ ಹೋದಾಗ ಕಾಫಿಗೆ ಮೊದಲು ಷೋಕೇಸ್ ತೋರಿಸಿದರು. ಮಗನಿಗೆ ಕಂಪನಿ ಕೊಟ್ಟ ಲೋಹದ ಫಲಕ ಅಲ್ಲಿತ್ತು. ಅದರ ಮೇಲೆ ಪೇಟೆಂಟ್ ಸಂಖ್ಯೆ. ನನ್ನ ಹಾಳೆಯಲ್ಲಿ ‘ಅನಿಶ್ಚಿತ’ ಎಂದು ಪಕ್ಕಕ್ಕಿಟ್ಟಿದ್ದ ಸಂಖ್ಯೆಗಳಲ್ಲಿ ಅದೂ ಒಂದು. “ಅವನಿಗೆ ಇಂಥದ್ದು ಎಷ್ಟಿದೆಯೋ, ಅಲ್ಲಿ ಇಡಲು ಜಾಗ ಇಲ್ಲವಂತೆ, ಒಂದನ್ನು ನನಗೆ ಕಳುಹಿಸಿದ” ಎಂದರು.

ಹೆಸರು ಖಚಿತವಾದ ಮೇಲೂ ವೃತ್ತಿಚರಿತ್ರೆ ತಾನಾಗಿ ಬರುವುದಿಲ್ಲ. ಪೇಟೆಂಟ್ ಮಂಜೂರಾದ ದಿನಾಂಕವನ್ನು ಹಿಡಿದುಕೊಂಡು ‘2011ರಲ್ಲಿ ಇವರು ಇಂಥ ಕಂಪನಿಯಲ್ಲಿದ್ದರು’ ಎಂದು ಬರೆಯುವಂತಿಲ್ಲ. ಹಳೆಯ ಅರ್ಜಿಯಿಂದ ಹೊರಟ ಮುಂದುವರಿಕೆ ಅರ್ಜಿಗಳು ಆವಿಷ್ಕಾರಕ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಅವನ ಹೆಸರಿನಲ್ಲಿ ಮಂಜೂರಾಗುತ್ತಲೇ ಇರುತ್ತವೆ. ಹಾಗಾಗಿ ನಾನು ಬಳಸುವುದು ಮೊತ್ತಮೊದಲ ಆದ್ಯತಾ ದಿನಾಂಕ, ಅಂದರೆ ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನ. ಪೇಟೆಂಟ್ ಮಾಲೀಕನ ಹೆಸರಂತೂ ಇನ್ನೂ ಮೋಸದ್ದು. ಡಿಜಿಟಲ್ ಎಂಬ ಗಣಕ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು, ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ಕೊಂಡಿತು. ಒಂದೇ ಕುರ್ಚಿಯಲ್ಲಿ ಕುಳಿತಿದ್ದವನಿಗೆ ಮೂವರು ಧಣಿಗಳು. ದಿವಾಳಿಯಾದ ದೂರಸಂಪರ್ಕ ಕಂಪನಿ ನಾರ್ಟೆಲ್‌ನ ಸುಮಾರು 6,000 ಪೇಟೆಂಟ್‌ಗಳು 2011ರಲ್ಲಿ 450 ಕೋಟಿ ಡಾಲರ್‌ಗೆ ಆಪಲ್, ಮೈಕ್ರೋಸಾಫ್ಟ್ ಮೊದಲಾದವರ ಒಕ್ಕೂಟಕ್ಕೆ ಹೋದವು. ಇಂದಿನ ಮಾಲೀಕನ ಹೆಸರು ನೋಡಿ ನಾರ್ಟೆಲ್ ಎಂಜಿನಿಯರ್‌ನನ್ನು ಅವನು ಕಾಲಿಡದ ಕಂಪನಿಗೆ ಸೇರಿಸಿದ ಪರಿಚಯಗಳನ್ನು ನಾನು ಓದಿದ್ದೇನೆ. ಪರಿಹಾರ ಸುಲಭ: 1980ರಿಂದ ಈಚಿನ ಹಕ್ಕು ವರ್ಗಾವಣೆಗಳು ಅಮೆರಿಕದ ಕಚೇರಿಯ ದತ್ತಾಂಶದಲ್ಲಿವೆ. ಸರಪಳಿಯ ಮೊದಲ ಕೊಂಡಿ, ಅಂದರೆ ಆವಿಷ್ಕಾರಕ ಯಾರಿಗೆ ಬರೆದುಕೊಟ್ಟ ಎಂಬುದು, ಅವನ ನಿಜವಾದ ಉದ್ಯೋಗದಾತನನ್ನು ಹೇಳುತ್ತದೆ.

ಭಾರತದ ಅರ್ಜಿಗಳು ಬೇರೆಯೇ ತಲೆನೋವು. 2016ರಿಂದ ಅರ್ಜಿ ಸಂಖ್ಯೆಗೆ ಹನ್ನೆರಡು ಅಂಕಿ: ಮೊದಲ ನಾಲ್ಕು ವರ್ಷ, ಐದನೆಯದು ಕಚೇರಿ. ನಾಲ್ಕು ಇದ್ದರೆ ಚೆನ್ನೈ, ನಮ್ಮ ಕರ್ನಾಟಕ ಅದರ ವ್ಯಾಪ್ತಿಗೆ ಬರುತ್ತದೆ. ಹಳೆಯ ಸಂಖ್ಯೆಗಳಲ್ಲಿ ‘ಸಿಎಚ್‌ಇ’ ಎಂಬ ಅಕ್ಷರಗಳೇ ಇರುತ್ತವೆ. ಆದರೆ ಕಾಲೇಜುಗಳ ಅರ್ಜಿಯಲ್ಲಿ ಆವಿಷ್ಕಾರಕರೆಲ್ಲರಿಗೂ ಕಾಲೇಜಿನದೇ ವಿಳಾಸ, ಅದೇ ಪಿನ್‌ಕೋಡ್. ಮಣಿಪಾಲ ಎಂದರೆ 576104, ಅಷ್ಟೇ. ವಿಳಾಸದಿಂದ ಏನೂ ಗೊತ್ತಾಗುವುದಿಲ್ಲ.

ಅದಕ್ಕಿಂತ ದೊಡ್ಡ ಜಗಳ ಪದವಿಗಳ ಸಾಲಿನಲ್ಲಿ ‘ಪೇಟೆಂಟ್ ಇದೆ’ ಎಂದು ಬರೆದುಕೊಂಡವರದು. ಅರ್ಜಿ ಪ್ರಕಟವಾಗುವುದು ಬೇರೆ, ಪೇಟೆಂಟ್ ಮಂಜೂರಾಗುವುದು ಬೇರೆ. ಅರ್ಜಿ ಹಾಕಿ 18 ತಿಂಗಳಾದರೆ ಅದು ತಾನಾಗಿ ಪ್ರಕಟವಾಗುತ್ತದೆ. ನಮೂನೆ 9 ಕೊಟ್ಟರೆ ಇನ್ನೂ ಬೇಗ. ಪರೀಕ್ಷೆಗೆ ನಮೂನೆ 18 ಕೊಡದಿದ್ದರೆ ಅರ್ಜಿ ಅಲ್ಲಿಯೇ ಸಾಯುತ್ತದೆ. ವಿನ್ಯಾಸ ನೋಂದಣಿಯನ್ನೂ ಪೇಟೆಂಟ್ ಎನ್ನುವವರಿದ್ದಾರೆ. ಅದರ ಕಾಯಿದೆಯೇ ಬೇರೆ. ನಾನು ಪಟ್ಟಿಯಲ್ಲಿ ‘ಪ್ರಕಟಿತ’, ‘ಮಂಜೂರು’ ಎಂದು ಎರಡು ಕಾಲಂ ಮಾಡಿದೆ. ಕೆಲವು ಅಧ್ಯಾಪಕ ಮಿತ್ರರು ಅಂದಿನಿಂದ ನನ್ನನ್ನು ದೂರದಿಂದಲೇ ಮಾತನಾಡಿಸುತ್ತಿದ್ದಾರೆ.

ಮನೆ ವಿಳಾಸಗಳನ್ನು ನಾನು ಗುರುತು ಹಿಡಿಯಲು ಮಾತ್ರ ಬಳಸಿ, ಪಟ್ಟಿಗೆ ಸೇರಿಸಲಿಲ್ಲ. ಕಡತ ಸಾರ್ವಜನಿಕವಾಗಿದೆ ಎಂದು ಒಬ್ಬರ ಬೀದಿಯನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚುಹಾಕುವ ಅಗತ್ಯವಿಲ್ಲ. ಎರಡು ಸಾಕ್ಷಿ ಸಿಗದ ಪೇಟೆಂಟ್‌ಗಳನ್ನು ಯಾರ ಹೆಸರಿಗೂ ಹಾಕದೆ ಕೊನೆಯಲ್ಲಿ ಪ್ರತ್ಯೇಕ ಪುಟ ಮಾಡಿದೆ. ಬೇರೆಯಾಗಿಟ್ಟ ಇಬ್ಬರನ್ನು ನಾಳೆ ಒಬ್ಬರೆಂದು ತಿಳಿದರೆ ಕೂಡಿಸುವುದು ಒಂದು ಗಳಿಗೆಯ ಕೆಲಸ. ಕೂಡಿಸಿ ಅಚ್ಚುಹಾಕಿದ ಮೇಲೆ ಅದು ಹತ್ತು ಕಡೆ ನಕಲಾಗಿ ಹೋಗಿರುತ್ತದೆ, ಬೇರ್ಪಡಿಸುವವರು ಯಾರು?

ಸಮಿತಿಗೆ ಈ ಪುಟ ಹಿಡಿಸಲಿಲ್ಲ. ಮುಖಪುಟದ ಮೇಲೆ ‘ನಮ್ಮವರ ಇಷ್ಟು ಪೇಟೆಂಟ್‌ಗಳು’ ಎಂದು ಒಂದೇ ದೊಡ್ಡ ಸಂಖ್ಯೆ ಬೇಕಿತ್ತು. ಖಚಿತವಾದದ್ದು ಇಷ್ಟು, ಅನಿಶ್ಚಿತ ಇಷ್ಟು ಎಂದು ಎರಡು ಸಂಖ್ಯೆ ಕೊಡುತ್ತೇನೆ, ಕೂಡಿಸಿ ಕೊಡುವುದಿಲ್ಲ ಎಂದೆ. ಬಹಳ ಮಾತಾಯಿತು. ಕೊನೆಗೆ ಮುಖಪುಟದಲ್ಲಿ ಕಾಲೇಜಿನ ಕಟ್ಟಡದ ಚಿತ್ರ ಹಾಕಿದರು, ಸಂಖ್ಯೆಗಳು ಒಳಗೆ ಹೋದವು. ಸಂಚಿಕೆ ಹೊರಬಂದ ಮೇಲೆ ಅನಿಶ್ಚಿತ ಪುಟವನ್ನು ನೋಡಿ ಹಿರಿಯರು ಬರೆಯತೊಡಗಿದ್ದಾರೆ: ಇದು ನಮ್ಮ ಬ್ಯಾಚಿನವನದು, ಅದು ನನ್ನ ಭಾವನದು. ಸಂಬಂಧ ಹೇಳುವವರಿಗೆಲ್ಲ ನಾನು ಘೋಷಣಾ ಪತ್ರದ ಸಹಿಯನ್ನು ಕಳುಹಿಸಿ, ಇದು ಅವರ ಕೈಯೇ ನೋಡಿ ಎಂದು ಕೇಳುತ್ತಿದ್ದೇನೆ.