ಹಿರಿಯ ಗಿಟಾರಿಸ್ಟ್ ಕೈ ಮೆತ್ತಗಾಗಿದೆಯೇ? ಹಳೆಯ, ಹೊಸ ಲೈವ್ ರೆಕಾರ್ಡಿಂಗ್ ಹೋಲಿಸುವ ಬಗೆ

ರಾಕ್ ಗಿಟಾರಿಸ್ಟ್ ಒಬ್ಬರು ಅರವತ್ತು ದಾಟಿದರೆ ಸಾಕು, ಅಭಿಮಾನಿಗಳಲ್ಲಿ ಎರಡು ಪಂಗಡ ಆಗಿಬಿಡುತ್ತದೆ. ‘ಮೊದಲಿನ ಬಿರುಸಿಲ್ಲ, ಕೈ ಮೆತ್ತಗಾಗಿದೆ’ ಅನ್ನುವವರು ಒಂದು ಕಡೆ. ‘ಕೈ ಪಳಗಿದೆ, ಈಗ ಬೇಕಾದಷ್ಟೇ ನುಡಿಸುತ್ತಾರೆ’ ಅನ್ನುವವರು ಇನ್ನೊಂದು ಕಡೆ. ಇಬ್ಬರ ಕಿವಿಗೂ ಬೀಳುತ್ತಿರುವುದು ಟೇಪಿನ ವೇಗ, ಶ್ರುತಿ, ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್), ಮಿಕ್ಸಿಂಗ್, ಡ್ರಮ್ಮರ್‌ನ ಲಯ ಎಲ್ಲ ಕಲಸಿಹೋದ ಸದ್ದು. ಇವನ್ನು ಒಂದೊಂದಾಗಿ ಕಳೆಯುತ್ತಾ ಹೋಗಿ ಕೊನೆಗೆ ಉಳಿದದ್ದನ್ನು ಮಾತ್ರ ಕೈಯ ಲೆಕ್ಕಕ್ಕೆ ಹಾಕಬೇಕು. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್, ಒಳ್ಳೆಯ ಹೆಡ್‌ಫೋನ್, ಉಚಿತವಾಗಿ ಸಿಗುವ ಆಡಾಸಿಟಿ ಮತ್ತು ಸಾನಿಕ್ ವಿಶುವಲೈಸರ್ ತಂತ್ರಾಂಶಗಳು, ಒಂದು ಸಂಜೆಯ ಬಿಡುವು.

ಜೋಡಿ ಆರಿಸುವುದು

ಹಾಡು ಒಂದೇ ಇರಬೇಕು, ಸೋಲೊ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಒಂದೇ ಇರಬೇಕು. ಹಳೆಯ ಕಾಲದ ಮೂರು ರಾತ್ರಿ, ಹೊಸ ಕಾಲದ ಮೂರು ರಾತ್ರಿ ಎತ್ತಿಟ್ಟುಕೊಳ್ಳಿ. ಒಂದಕ್ಕೆ ಒಂದು ಹೋಲಿಸಿದರೆ ಜ್ವರ ಇದ್ದ ರಾತ್ರಿಯನ್ನು ವಯಸ್ಸಿನ ತಲೆಗೆ ಕಟ್ಟಿಬಿಡುತ್ತೇವೆ.

ಅಧಿಕೃತ ಲೈವ್ ಆಲ್ಬಂಗಳಲ್ಲಿ ಎಚ್ಚರ ಬೇಕು. ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ 1972ರ ಆಗಸ್ಟ್ 15, 16ರ ಒಸಾಕಾ ಮತ್ತು 17ರ ಟೋಕಿಯೊ ಕಾರ್ಯಕ್ರಮಗಳಿಂದ ಆಯ್ದದ್ದು. ಕ್ರೀಮ್ ತಂಡ 2005ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾಲ್ಕು ರಾತ್ರಿ ನುಡಿಸಿತು, ಆಲ್ಬಂ ಬಂದದ್ದು ಆ ರಾತ್ರಿಗಳಿಂದ ಆರಿಸಿ. ಇಂಥ ಹೆಕ್ಕಿದ ಕಾಳನ್ನು ಪ್ರೇಕ್ಷಕರೊಬ್ಬರ ಫೋನ್ ವಿಡಿಯೊ ಪಕ್ಕ ಇಟ್ಟು ತೂಗಬಾರದು. ಕೆಲವು ಲೈವ್ ಆಲ್ಬಂಗಳಲ್ಲಿ ತಪ್ಪಿದ ಸ್ವರಗಳನ್ನು ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಕೂರಿಸಿರುವುದೂ ಉಂಟು. ಆಯ್ದದ್ದಕ್ಕೆ ಆಯ್ದದ್ದು, ಹಸಿ ರೆಕಾರ್ಡಿಂಗ್‌ಗೆ ಹಸಿ ರೆಕಾರ್ಡಿಂಗ್.

ಟೇಪಿನ ವೇಗ ಸರಿಮಾಡುವುದು

ಬಹಳ ಜನ ಬಿಟ್ಟುಬಿಡುವ ಹಂತ ಇದು. ಅತಿ ಹೆಚ್ಚು ಮೋಸ ಆಗುವುದೂ ಇಲ್ಲೇ. 70ರ ದಶಕದಲ್ಲಿ ಸಭಾಂಗಣದಲ್ಲಿ ಕೂತು ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳಲ್ಲಿ ಬ್ಯಾಟರಿ ಇಳಿಯುತ್ತಾ ಹೋದಂತೆ ಟೇಪ್ ನಿಧಾನಕ್ಕೆ ಓಡಿರುತ್ತದೆ. ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ವೇಗ ಸುಮಾರು ಶೇ 6ರಷ್ಟು ಹೆಚ್ಚಿದರೆ ಶ್ರುತಿ ಒಂದು ಸೆಮಿಟೋನ್ (ಅರ್ಧ ಸ್ವರ) ಮೇಲೆ ಹೋಗುತ್ತದೆ. ನಿಮಿಷಕ್ಕೆ 120 ಬೀಟ್ ಇದ್ದದ್ದು 127 ಆಗಿ ಕೇಳಿಸುತ್ತದೆ. ‘ಆಗ ಎಂಥ ಬೆಂಕಿ ಇತ್ತು!’ ಎಂದು ನಾವು ಮೆಚ್ಚುವ ಬೆಂಕಿಯಲ್ಲಿ ಒಂದು ಪಾಲು ಸತ್ತ ಬ್ಯಾಟರಿಯದೂ ಇರಬಹುದು.

ಪತ್ತೆ ಮಾಡುವುದು ಹೀಗೆ. ಎರಡು ಹಾಡುಗಳ ನಡುವೆ, ಚಪ್ಪಾಳೆ ತಗ್ಗಿದ ಕಡೆ, ಆಂಪ್‌ಗಳ ಗುಂಯ್‌ಗುಡುವ ಹಮ್ ಸಿಗುತ್ತದೆ. ಅದು ಕರೆಂಟಿನ ಆವರ್ತನ: ಅಮೆರಿಕದಲ್ಲಿ 60 ಹರ್ಟ್ಸ್, ಬ್ರಿಟನ್ ಮತ್ತು ಯುರೋಪಿನಲ್ಲಿ 50. ಜಪಾನಿನಲ್ಲಿ ಎರಡೂ ಇದೆ, ಟೋಕಿಯೊ 50, ಒಸಾಕಾ 60. ಆ ನಾಲ್ಕೈದು ಸೆಕೆಂಡು ಆಯ್ದು ಆಡಾಸಿಟಿಯಲ್ಲಿ ಪ್ಲಾಟ್ ಸ್ಪೆಕ್ಟ್ರಮ್ (ಆವರ್ತನಗಳ ನಕ್ಷೆ) ತೆರೆಯಿರಿ, ಸೈಜ್ 32768 ಇಡಿ. ಚಿಕ್ಕದಿಟ್ಟರೆ 60 ಮತ್ತು 63 ಒಂದೇ ಗುಡ್ಡೆಯಲ್ಲಿ ಸೇರಿಹೋಗುತ್ತವೆ. ಕೆಳಗಿನ ಆವರ್ತನ ಸವೆದುಹೋಗಿದ್ದರೆ ಅದರ ದುಪ್ಪಟ್ಟು, ಮುಪ್ಪಟ್ಟು ನೋಡಿ, ಅಂದರೆ 120, 180 ಅಥವಾ 100, 150. ಅಮೆರಿಕದ ರೆಕಾರ್ಡಿಂಗ್ ಒಂದರಲ್ಲಿ ಮೊನೆ 63.6ರ ಹತ್ತಿರ ನಿಂತಿದೆ ಅನ್ನಿ, ಟೇಪ್ ಒಂದು ಸೆಮಿಟೋನ್ ಮುಂದೆ ಓಡುತ್ತಿದೆ. 60ನ್ನು 63.6ರಿಂದ ಭಾಗಿಸಿದರೆ 0.943. ಚೇಂಜ್ ಸ್ಪೀಡ್ ಪರಿಣಾಮದಲ್ಲಿ ಈ ಸಂಖ್ಯೆ ಕೊಡಿ. ಚೇಂಜ್ ಪಿಚ್ ಬಳಸಬೇಡಿ, ಅದು ಶ್ರುತಿ ಇಳಿಸಿ ವೇಗವನ್ನು ಹಾಗೇ ಬಿಡುತ್ತದೆ.

ಇದು ಕೈಕೊಡುವ ಸಂದರ್ಭಗಳೂ ಇವೆ. ಬಯಲಿನ ಉತ್ಸವಗಳಲ್ಲಿ ಜನರೇಟರ್ ಕರೆಂಟು ಆಚೀಚೆ ಆಗುತ್ತದೆ. ಬ್ಯಾಟರಿ ಇಳಿದ ಟೇಪಿನಲ್ಲಿ ವೇಗ ಶುರುವಿನಲ್ಲೊಂದು, ಕೊನೆಯಲ್ಲೊಂದು ಇರುತ್ತದೆ, ಹಾಗಾಗಿ ನಿಮ್ಮ ಹಾಡಿನ ಹಿಂದೆ ಮುಂದೆಯೇ ಅಳೆಯಬೇಕು. ಅರ್ಧ ಶೇಕಡಾಕ್ಕಿಂತ ಕಡಿಮೆ ವ್ಯತ್ಯಾಸವನ್ನು ತಲೆಗೆ ಹಾಕಿಕೊಳ್ಳಬೇಡಿ. ಹಮ್ ಸಿಗದಿದ್ದರೆ ಹ್ಯಾಮಂಡ್ ಆರ್ಗನ್ (ತಿರುಗುವ ಚಕ್ರಗಳಿಂದ ಸ್ವರ ಹೊರಡಿಸುವ ಕೀಬೋರ್ಡ್) ಹುಡುಕಿ: ಟೋನ್‌ವೀಲ್ ಹ್ಯಾಮಂಡ್‌ನ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದಿರುವುದರಿಂದ ಅದರ ಶ್ರುತಿ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ಸದ್ದಿನ ಮಟ್ಟ

ಜೋರಾಗಿರುವುದು ಯಾವಾಗಲೂ ಹೆಚ್ಚು ಹರಿತವಾಗಿ ಕೇಳಿಸುತ್ತದೆ. ಸೋಲೊ ಭಾಗವನ್ನಷ್ಟೇ ಕತ್ತರಿಸಿ, ಎಲ್ಲವನ್ನೂ ಲೌಡ್‌ನೆಸ್ ನಾರ್ಮಲೈಜೇಶನ್ ಮೂಲಕ, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ, −23 ಎಲ್‌ಯುಎಫ್‌ಎಸ್‌ಗೆ ತನ್ನಿ. ಫೋನ್ ವಿಡಿಯೊಗಳಲ್ಲಿ ಸದ್ದಿನ ಮಟ್ಟ ತಾನಾಗಿಯೇ ಏರಿಳಿಯುವ ವ್ಯವಸ್ಥೆ ಇರುತ್ತದೆ. ಪಿಕ್‌ನಿಂದ (ತಂತಿ ಮೀಟುವ ಪುಟ್ಟ ಬಿಲ್ಲೆ) ಜೋರಾಗಿ ಹೊಡೆದದ್ದೂ ಮೆಲ್ಲಗೆ ಮುಟ್ಟಿದ್ದೂ ಒಂದೇ ಎತ್ತರಕ್ಕೆ ಬಂದು ನುಡಿಸಾಣಿಕೆ ಸಪ್ಪೆಯಾಗುತ್ತದೆ. ಹಳೆಯ ಕ್ಯಾಸೆಟ್‌ಗಳಲ್ಲಿ ಉಲ್ಟಾ ಮೋಸ: ಟೇಪ್ ತುಂಬಿ ಒಡೆದ ಸದ್ದು ಗಿಟಾರಿನ ಡಿಸ್ಟಾರ್ಶನ್ ಮೇಲೆ ಕೂತು ಇಲ್ಲದ ಆವೇಶ ತರುತ್ತದೆ.

ಲಯ ಮತ್ತು ಶ್ರುತಿ

ಸೋಲೊದ ಮೊದಲ 30 ಸೆಕೆಂಡಿನ ಬೀಟ್ ಎಣಿಸಿ ಎರಡರಿಂದ ಗುಣಿಸಿ. ಕೊನೆಯ 30 ಸೆಕೆಂಡಿಗೂ ಹೀಗೇ ಮಾಡಿ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಸೋಲೊ ಕಾವೇರಿದಂತೆ ತಂಡವೇ ಮುಂದೆ ಓಡಿರುತ್ತದೆ. ಈಗಿನ ದೊಡ್ಡ ವೇದಿಕೆಗಳಲ್ಲಿ ಪರದೆಯ ವಿಡಿಯೊ, ಬೆಳಕು ಎಲ್ಲ, ಲಯ ತಪ್ಪದಂತೆ ಕಿವಿಯಲ್ಲಿ ಬಡಿಯುವ ಕ್ಲಿಕ್‌ಗೆ ಕಟ್ಟಿಕೊಂಡಿದ್ದರೆ ಆ ಓಟಕ್ಕೆ ಜಾಗವೇ ಇಲ್ಲ, ಅದು ಗಿಟಾರಿಸ್ಟ್ ಕೈಯಲ್ಲಿರುವ ವಿಷಯವಲ್ಲ. 140 ಇದ್ದದ್ದು 126 ಆದರೆ ಯಾರಿಗಾದರೂ ಗೊತ್ತಾಗುತ್ತದೆ. ಅಂಥ ಕಡೆ ಹಳೆಯದನ್ನು ಶ್ರುತಿ ಬದಲಿಸದೆ 126ಕ್ಕೆ ಇಳಿಸಿ ಕೇಳಿ. ನಿಧಾನವಾದ ಮೇಲೂ ಅದರಲ್ಲಿ ಕಚ್ಚು ಉಳಿದಿದ್ದರೆ ವ್ಯತ್ಯಾಸ ಲಯದ್ದಲ್ಲ, ಮುಂದಕ್ಕೆ ಹುಡುಕಬೇಕು.

ಶ್ರುತಿ ಇಳಿಸುವುದು ಹೆಚ್ಚಾಗಿ ಗಾಯಕರ ಗಂಟಲಿಗಾಗಿ. ಲೆಡ್ ಜೆಪ್ಲಿನ್ 2007ರ ಡಿಸೆಂಬರ್ 10ರಂದು ಲಂಡನ್ನಿನ ಒ2 ಅರೀನಾದಲ್ಲಿ ಕೆಲವು ಹಾಡುಗಳನ್ನು ಮೂಲಕ್ಕಿಂತ ಕೆಳಗಿನ ಶ್ರುತಿಯಲ್ಲೇ ನುಡಿಸಿತು. ಕಾರಣ ಏನೇ ಇರಲಿ, ಅದರ ಪರಿಣಾಮ ಗಿಟಾರಿನ ಮೇಲೂ ಆಗುತ್ತದೆ. ಅದೇ ತಂತಿಯನ್ನು ಅರ್ಧ ಸ್ವರ ಇಳಿಸಿದರೆ ಬಿಗಿ ಸುಮಾರು ಶೇ 11 ಕಡಿಮೆ, ಪೂರ್ತಿ ಸ್ವರ ಇಳಿಸಿದರೆ ಶೇ 21ರಷ್ಟು. ಸಡಿಲ ತಂತಿಯಲ್ಲಿ ಪಿಕ್‌ನ ಏಟು ಮೊಂಡಾಗುತ್ತದೆ. ತೆರೆದ ಆರನೇ ತಂತಿ 82.4 ಹರ್ಟ್ಸ್ ಇದ್ದರೆ ಇ, 77.8 ಇದ್ದರೆ ಅರ್ಧ ಸ್ವರ ಕೆಳಗೆ, 73.4 ಇದ್ದರೆ ಡಿ. ಮೊದಲು ಟೇಪ್ ಸರಿಮಾಡದೆ ಇದನ್ನು ಓದಲು ಹೋಗಬೇಡಿ.

ಗಿಟಾರ್, ಆಂಪ್

ಎರಿಕ್ ಕ್ಲಾಪ್ಟನ್ 1968ರಲ್ಲಿ ಕ್ರೀಮ್‌ನಲ್ಲಿ ಗಿಬ್ಸನ್ ಗಿಟಾರುಗಳನ್ನು 100 ವಾಟ್‌ನ ಮಾರ್ಷಲ್ ಆಂಪ್‌ಗಳಿಗೆ ಹಾಕಿ ನುಡಿಸುತ್ತಿದ್ದರು. 2005ರಲ್ಲಿ ಅದೇ ಹಾಡುಗಳಿಗೆ ಕೈಯಲ್ಲಿದ್ದದ್ದು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್). ಆ ಎರಡನ್ನು ಕೇಳಿ ‘ದಪ್ಪ ಹೋಯಿತು’ ಅನ್ನುವುದು ಮುಕ್ಕಾಲು ಪಾಲು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮತ್ತು ಆಂಪ್ ಬಗ್ಗೆ ಹೇಳುವ ಮಾತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ವಿಷಯದಲ್ಲೂ ಹೀಗೇ: 1994ರ ಪ್ರವಾಸದಲ್ಲಿ ಇಎಂಜಿ ಪಿಕಪ್‌ಗಳ ಕೆಂಪು ಸ್ಟ್ರಾಟ್, 2006ರಲ್ಲಿ ಮತ್ತೆ ಹಳೆಯ ಕಪ್ಪು ಸ್ಟ್ರಾಟ್.

ಗೇನ್ (ಆಂಪ್ ಸದ್ದನ್ನು ಒಡೆಯುವಷ್ಟು ಹಿಗ್ಗಿಸುವ ಮಟ್ಟ) ಕಡಿಮೆಯಾದಾಗ ನುಡಿಸಾಣಿಕೆ ಸೌಮ್ಯವಾಗಿ ಕೇಳಿಸಿದರೂ ಕೈ ಹೆಚ್ಚು ಬೆತ್ತಲಾಗುತ್ತದೆ. ಗೇನ್ ಜಾಸ್ತಿ ಇದ್ದಾಗ ಮುಚ್ಚಿಹೋಗುತ್ತಿದ್ದ ಅರೆಬರೆ ಸ್ವರಗಳೆಲ್ಲ ಎದ್ದು ಕಾಣುತ್ತವೆ. ವೇದಿಕೆಯ ಆಂಪ್ ಸದ್ದು ತಗ್ಗಿಸಿ ಕಿವಿಯೊಳಗಿನ ಮಾನಿಟರ್ ಬಳಸುವಲ್ಲಿ ಇನ್ನೊಂದು ನಷ್ಟ ಇದೆ. ಹಿಡಿದ ಸ್ವರ ಫೀಡ್‌ಬ್ಯಾಕ್‌ಗೆ ತಿರುಗಿ ತಾನಾಗಿಯೇ ಉಳಿಯುತ್ತಿದ್ದದ್ದು ನಿಂತುಹೋಗುತ್ತದೆ, ಉದ್ದ ಸ್ವರಗಳು ಬೇಗ ಸಾಯುತ್ತವೆ.

ಈಗ ಕೈ

ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಬೆರಳು. ಎಲ್ಲರೂ ಮೊದಲು ವೇಗ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಬೆಂಡ್, ಅಂದರೆ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಸ್ವರ ಏರಿಸುವುದು.

ಎರಡನೇ ತಂತಿಯ 15ನೇ ಫ್ರೆಟ್ ತೆಗೆದುಕೊಳ್ಳಿ. ಅಲ್ಲಿ ಡಿ, 587 ಹರ್ಟ್ಸ್. ಪೂರ್ತಿ ಸ್ವರ ಎಳೆದರೆ 659ಕ್ಕೆ ತಲುಪಬೇಕು, ಒಂದೂವರೆ ಸ್ವರ ಎಳೆದರೆ 698ಕ್ಕೆ. ಸಾನಿಕ್ ವಿಶುವಲೈಸರ್‌ನಲ್ಲಿ ಮೆಲೊಡಿಕ್ ರೇಂಜ್ ಸ್ಪೆಕ್ಟ್ರೋಗ್ರಾಮ್ ಹಾಕಿದರೆ ಆ ಗೆರೆ ಬೆಟ್ಟ ಹತ್ತಿದ ಹಾಗೆ ಏರುವುದು ಕಣ್ಣಿಗೇ ಕಾಣುತ್ತದೆ. ಎಷ್ಟು ಹೊತ್ತಿಗೆ ತುದಿ ಮುಟ್ಟಿತು, ಮುಟ್ಟಿ ನಿಂತಿತೋ ಜಾರಿತೋ ನೋಡಿ. ಬೆರಳಿನ ಬಲ ಇಳಿದಾಗ ಮೊದಲು ಮಾಯವಾಗುವುದು ಒಂದೂವರೆ, ಎರಡು ಸ್ವರದ ದೊಡ್ಡ ಬೆಂಡ್‌ಗಳು, ಅವುಗಳ ಜಾಗಕ್ಕೆ ಸ್ಲೈಡ್ (ಬೆರಳನ್ನು ತಂತಿಯುದ್ದಕ್ಕೆ ಜಾರಿಸುವುದು) ಬಂದು ಕೂರುತ್ತದೆ. ಮೂರು ರಾತ್ರಿಯೂ ಅದೇ ಜಾಗದಲ್ಲಿ ಸ್ಲೈಡ್ ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಶ್ರುತಿಗೆ ಸ್ವಲ್ಪ ಕಡಿಮೆ ನಿಲ್ಲುವ ಬೆಂಡ್‌ಗಳನ್ನು ಮಾತ್ರ ದುಡುಕಿ ತಪ್ಪು ಅನ್ನಬೇಡಿ. ಬ್ಲೂಸ್ ಮೂಲದವರು ಬೇಕೆಂದೇ ಹಾಗೆ ನಿಲ್ಲಿಸುತ್ತಾರೆ, ಹಳೆಯ ರೆಕಾರ್ಡಿಂಗ್‌ನಲ್ಲೂ ಹಾಗೇ ಇತ್ತೇ ಎಂದು ತಾಳೆ ನೋಡಿ.

ವೈಬ್ರಾಟೊವನ್ನು (ಹಿಡಿದ ಸ್ವರವನ್ನು ಅಲುಗಾಡಿಸುವುದು) ಕಾಲು ವೇಗಕ್ಕೆ ಇಳಿಸಿ ಒಂದು ಸೆಕೆಂಡಿಗೆ ಎಷ್ಟು ಅಲೆ ಎಂದು ಎಣಿಸಿ. ಅಲೆ ನಿಧಾನವಾಗಿದ್ದೂ ಅಗಲ ಸಮನಾಗಿದ್ದರೆ ಅದು ಅಭಿರುಚಿಯ ಬದಲಾವಣೆ ಆಗಿರುವ ಸಂಭವ ಹೆಚ್ಚು. ಅಗಲ ಅಲೆಯಿಂದ ಅಲೆಗೆ ಏರುಪೇರಾದರೆ ಹಿಡಿತದ ತೊಂದರೆ.

ವೇಗಕ್ಕೆ ಸರಳ ಲೆಕ್ಕ ಇದೆ. 140ರ ಲಯದಲ್ಲಿ ಬೀಟ್‌ಗೆ ನಾಲ್ಕು ಸ್ವರ ಎಂದರೆ ಸೆಕೆಂಡಿಗೆ 9.3 ಸ್ವರ, 126ರಲ್ಲಿ 8.4. ಆ ಓಟದಲ್ಲಿ ಎಷ್ಟು ಸ್ವರಕ್ಕೆ ಪಿಕ್‌ನ ಏಟು ಇದೆ, ಎಷ್ಟು ಎಡಗೈ ಬೆರಳಿನಿಂದಲೇ ಹೊರಟಿದೆ ಎಂಬುದೇ ಮುಖ್ಯ. ಅಲೆರೂಪವನ್ನು ಹಿಗ್ಗಿಸಿ ನೋಡಿದರೆ ಪಿಕ್ ಬಿದ್ದ ಕಡೆ ಚೂಪಾದ ಮುಳ್ಳು ಕಾಣುತ್ತದೆ, ಎಡಗೈ ಬೆರಳು ತಂತಿಯನ್ನು ಬಡಿಯುವ, ಎಳೆದು ಬಿಡುವ ಹ್ಯಾಮರ್, ಪುಲ್‌ಗಳಲ್ಲಿ ಅಂಚು ದುಂಡಗಿರುತ್ತದೆ. ಮೊದಲು ಎಂಟಕ್ಕೆ ಎಂಟು ಮುಳ್ಳಿದ್ದು ಈಗ ಮೂರೇ ಉಳಿದಿದ್ದರೆ ಬಲಗೈ ಕೆಲಸವನ್ನು ಎಡಗೈ ವಹಿಸಿಕೊಂಡಿದೆ. ‘ಮೆತ್ತಗಾಗಿದೆ’ ಎಂದು ಕಿವಿ ದೂರುವ ಜಾಗ ಬಹಳ ಸಲ ಇದೇ.

ಸ್ನೇರ್ ಡ್ರಮ್ಮಿನ ಏಟಿಗೂ ಗಿಟಾರಿನ ಏಟಿಗೂ ನಡುವಿನ ಅಂತರವನ್ನು ಹತ್ತು ಕಡೆ ಅಳೆಯಿರಿ. ಹತ್ತೂ ಕಡೆ 20–30 ಮಿಲಿಸೆಕೆಂಡ್ ಹಿಂದೆ ಇದ್ದರೆ ಅವರು ಬೇಕೆಂದೇ ಬೀಟ್‌ಗೆ ಒರಗಿ ನುಡಿಸುತ್ತಿದ್ದಾರೆ. ಒಮ್ಮೆ ಮುಂದೆ ಒಮ್ಮೆ ಹಿಂದೆ ಚೆಲ್ಲಾಡಿದ್ದರೆ ಬೇರೆ ಮಾತು. ಖಾಲಿ ಬಿಟ್ಟ ಜಾಗಗಳಿಗೂ ಇದೇ ಪರೀಕ್ಷೆ: ಮೌನ ಮುಗಿದ ಮೇಲಿನ ಮೊದಲ ಸ್ವರ ಸರಿಯಾದ ಏಟಿಗೆ, ಸರಿಯಾದ ಶ್ರುತಿಗೆ ಬಿದ್ದರೆ ಆ ಮೌನವನ್ನು ಅವರು ಆರಿಸಿಕೊಂಡಿದ್ದಾರೆ.

ಆಗುತ್ತಿಲ್ಲವೋ, ಬೇಡವೋ

ಇಡೀ ಪ್ರವಾಸದಲ್ಲಿ ಒಂದು ಕಡೆಯಾದರೂ ಹಳೆಯ ವೇಗ, ಹಳೆಯ ಬೆಂಡ್ ಸಿಕ್ಕಿದರೆ ‘ಆಗುವುದಿಲ್ಲ’ ಅನ್ನುವ ವಾದ ಬಿದ್ದುಹೋಗುತ್ತದೆ. ಮೊದಲ ಎರಡು ಹಾಡು ಬಿಟ್ಟು ನಡುವಿನಿಂದ ಹುಡುಕಿ, ವಯಸ್ಸಾದ ಕೈ ಕಾವೇರಲು ಹೊತ್ತು ಬೇಕು. ‘ಮೇಡ್ ಇನ್ ಜಪಾನ್’ನ ಗಿಟಾರಿಸ್ಟ್ ರಿಚ್ಚಿ ಬ್ಲ್ಯಾಕ್‌ಮೋರ್ 2016ರ ಜೂನ್‌ನಲ್ಲಿ ರೇನ್‌ಬೋ ಹೆಸರಿನಲ್ಲಿ ಮತ್ತೆ ರಾಕ್ ವೇದಿಕೆಗೆ ಬಂದಾಗ ಅವರಿಗೆ 71 ವರ್ಷ. ಅದಕ್ಕೂ ಹಿಂದಿನ ಹೆಚ್ಚುಕಡಿಮೆ ಎರಡು ದಶಕ ಅವರು ಬ್ಲ್ಯಾಕ್‌ಮೋರ್ಸ್ ನೈಟ್‌ನಲ್ಲಿ ಮುಖ್ಯವಾಗಿ ಅಕೂಸ್ಟಿಕ್ ಜಾನಪದ ಧಾಟಿಯ ಸಂಗೀತ ನುಡಿಸಿದ್ದರು. ಅಲ್ಲಿ ಕೇಳಿದ ವ್ಯತ್ಯಾಸದಲ್ಲಿ ವಯಸ್ಸಿಗೆ ಎಷ್ಟು, ರೂಢಿ ತಪ್ಪಿದ್ದಕ್ಕೆ ಎಷ್ಟು ಎಂದು ಬಿಡಿಸುವುದು ಕಷ್ಟ, ಬಿಡಿಸದೆ ತೀರ್ಪು ಕೊಡುವುದು ಅನ್ಯಾಯ.

ಕಾಯಿಲೆಯ ವಿಷಯದಲ್ಲಿ ಅವರೇ ಬಹಿರಂಗವಾಗಿ ಹೇಳಿದ್ದನ್ನು ಬಿಟ್ಟು ಊಹೆ ಬೇಡ. ಹೇಳಿದ್ದನ್ನೂ ಹಿಂದಕ್ಕೆ ಎಳೆಯಬೇಡಿ. ಕ್ಲಾಪ್ಟನ್ ನರದೌರ್ಬಲ್ಯದ ತೊಂದರೆ ಬಗ್ಗೆ ಮಾತಾಡಿದ್ದು 2016ರಲ್ಲಿ, ಅದನ್ನು ತಂದು 2005ರ ರಾತ್ರಿಗಳಿಗೆ ಅಂಟಿಸುವಂತಿಲ್ಲ. ಅವರು ಕ್ರೀಮ್ ಕಾಲದ ಗಡಸು ಸದ್ದು ಬಿಟ್ಟು ಸ್ಟ್ರಾಟ್‌ಗೆ ಹೊರಳಿದ್ದು 1970ರ ಹೊತ್ತಿಗೆ, ಆಗ ಅವರಿಗೆ 25. ಜೆಫ್ ಬೆಕ್ ಪಿಕ್ ಪಕ್ಕಕ್ಕಿಟ್ಟು ಬೆರಳಲ್ಲೇ ನುಡಿಸಲು ತೊಡಗಿದಾಗ ಸದ್ದಿನ ಅಂಚು ಮೃದುವಾಯಿತು, ನುಡಿಸುವುದು ಇನ್ನಷ್ಟು ಕಷ್ಟದ್ದಾಯಿತು. ನೀಲ್ ಯಂಗ್ 1991ರ ಕ್ರೇಜಿ ಹಾರ್ಸ್ ಪ್ರವಾಸದಲ್ಲಿ, 45ರ ವಯಸ್ಸಿನಲ್ಲಿ, ಮೊದಲಿಗಿಂತ ಒರಟಾದರು. ವಯಸ್ಸು ಒಂದೇ ದಿಕ್ಕಿಗೆ ಎಳೆಯುತ್ತದೆ ಅನ್ನುವುದಕ್ಕೆ ಈ ಮೂವರೂ ಒಪ್ಪುವುದಿಲ್ಲ.

ಕಣ್ಣುಕಟ್ಟಿ ಕೇಳುವುದು

ಹಾಡುಗಾರಿಕೆ, ಚಪ್ಪಾಳೆ ಇಲ್ಲದ 12ರಿಂದ 15 ಸೆಕೆಂಡಿನ ತುಣುಕುಗಳನ್ನು ಮಾಡಿ. ಎಲ್ಲವನ್ನೂ ಮೊನೊ ಮಾಡಿ, 100 ಹರ್ಟ್ಸ್‌ಗಿಂತ ಕೆಳಗಿನದೂ 8000ಕ್ಕಿಂತ ಮೇಲಿನದೂ ಸೋಸಿಬಿಡಿ, ಇಲ್ಲದಿದ್ದರೆ ಟೇಪಿನ ಹಿಸ್ ಕೇಳಿದೊಡನೆ ಹಳೆಯದೆಂದು ಗುಟ್ಟು ರಟ್ಟಾಗುತ್ತದೆ. ಗೆಳೆಯರೊಬ್ಬರ ಕೈಲಿ ಕಡತಗಳ ಹೆಸರು ಬದಲಿಸಿ, ಹತ್ತು ಸಲ ಕೇಳಿ, ಯಾವುದು ಹಳೆಯದೆಂದು ಬರೆಯಿರಿ. ಹತ್ತಕ್ಕೆ ಎಂಟು ಸರಿ ಬರುವುದು ಬರೀ ಊಹೆಯಿಂದಲೂ ಹದಿನೆಂಟರಲ್ಲಿ ಒಮ್ಮೆ ಆಗುತ್ತದೆ. ಒಂಬತ್ತು ಬಂದರೆ ನಿಮ್ಮ ಕಿವಿಗೆ ನಿಜವಾಗಿ ಏನೋ ಸಿಕ್ಕಿದೆ ಎಂದು ನಂಬಬಹುದು.

ವಾದಕ್ಕೆ ಇಳಿಯುವಾಗ ‘ಮೆತ್ತಗಾಗಿದೆ’ ಎಂಬ ಒಂದೇ ಪದ ಇಟ್ಟುಕೊಂಡು ಹೋಗಬೇಡಿ. ಹಾಡು, ಊರು, ತಾರೀಕು, ನಿಮಿಷ–ಸೆಕೆಂಡು ಹೇಳಿ. ಟೇಪಿನ ವೇಗ ಸರಿಮಾಡಿದ್ದೀರಾ, ಶ್ರುತಿ ಯಾವುದು, ಲಯ ಎಷ್ಟು ಎಂದು ತಿಳಿಸಿ. ಆಮೇಲೆ ಹೀಗೆ ಬರೆಯಿರಿ: ‘ಮೂರನೇ ಸಾಲಿನ ಒಂದೂವರೆ ಸ್ವರದ ಬೆಂಡ್ ಮೂರು ರಾತ್ರಿಯೂ ಇಲ್ಲ, ಸ್ಲೈಡ್ ಇದೆ, ಕೊನೆಯ ಓಟದಲ್ಲಿ ಎಂಟಕ್ಕೆ ಮೂರು ಪಿಕ್, ವೈಬ್ರಾಟೊ ಮೊದಲಿನಂತೆಯೇ ಇದೆ.’ ಎದುರಿನವರು ಅದೇ ಸೆಕೆಂಡಿಗೆ ಹೋಗಿ, ಕೇಳಿ, ಒಪ್ಪಬಹುದು ಅಥವಾ ತಿದ್ದಬಹುದು.