ಕುಮಾರ ಪರ್ವತ: ಹತ್ತುವ ಹಿಂದಿನ ದಿನ ಇಳಿಯುವ ತಯಾರಿ

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್ ನಡಿಗೆ. ಊರಿರುವುದು ಘಟ್ಟದ ಬುಡದಲ್ಲಿ, ಶಿಖರವಿರುವುದು ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ ಹೋಗಿಬರುವವರು ಸರಿಸುಮಾರು ಒಂದೂವರೆ ಸಾವಿರ ಮೀಟರ್ ಏರಿ, ಅಷ್ಟನ್ನೂ ಇಳಿಯಬೇಕು. ಹೊಸಬರಿಗೆ ಏರುವುದರದ್ದೇ ಚಿಂತೆ. ಆದರೆ ಮಂಡಿ ಹಿಡಿದುಕೊಳ್ಳುವುದು, ಕಾಲ್ಬೆರಳ ಉಗುರು ಕಪ್ಪಾಗುವುದು, ನೀರು ಖಾಲಿಯಾಗುವುದು, ಕತ್ತಲಾಗುವುದು ಹೆಚ್ಚಾಗಿ ಇಳಿಯುವಾಗಲೇ. ಹಾಗಾಗಿ ಹಿಂದಿನ ದಿನದ ತಯಾರಿಯೆಲ್ಲ ಇಳಿಜಾರಿನ ಲೆಕ್ಕದಲ್ಲೇ ನಡೆಯಲಿ.

ಮೊದಲು ಅನುಮತಿ ಪತ್ರ

ಈ ಬೆಟ್ಟ ಪುಷ್ಪಗಿರಿ ವನ್ಯಜೀವಿ ಧಾಮದೊಳಗಿದೆ. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಿದ ಟಿಕೆಟ್ ಬೇಕು. ಮಳೆಗಾಲದಲ್ಲೂ ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ದಾರಿ ಮುಚ್ಚಿರುತ್ತದೆ. ಟಿಕೆಟ್ಟಿನಲ್ಲಿ ನಮೂದಿಸಿದ ಗುರುತಿನ ಚೀಟಿಯನ್ನೇ ಜೊತೆಗಿಟ್ಟುಕೊಳ್ಳಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಟಿಕೆಟ್ಟಿನ ಮುದ್ರಿತ ಪ್ರತಿಯೂ ಇರಲಿ.

ನಂತರ ಪಾದ

ಇದಕ್ಕೆ ಅರ್ಧ ಗಂಟೆ ಮೀಸಲಿಡಿ. ಕಾಲ್ಬೆರಳ ಉಗುರುಗಳನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿ. ಮೂಲೆಗಳನ್ನು ಆಳವಾಗಿ ಕೊರೆಯಬೇಡಿ. ಇಳಿಯುವಾಗ ಪಾದ ಮುಂದಕ್ಕೆ ಜಾರಿ, ಉದ್ದದ ಉಗುರು ಬೂಟಿನ ತುದಿಗೆ ಹೆಜ್ಜೆಹೆಜ್ಜೆಗೂ ಬಡಿಯುತ್ತದೆ. ಗಂಟೆಗಟ್ಟಲೆ ಹೀಗಾದರೆ ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ. ಬೂಟು ಹಾಕಿಕೊಂಡು ಮೆಟ್ಟಿಲು ಇಳಿದು ನೋಡಿ. ಬೆರಳು ತುದಿಗೆ ತಾಗಿದರೆ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಲೇಸನ್ನು ಕಣಕಾಲಿನ ಬಳಿ ಬಿಗಿದು, ಬೆರಳುಗಳ ಮೇಲೆ ಸಡಿಲ ಬಿಟ್ಟು ಕಟ್ಟಿ. ಆಗಲೂ ತಾಗಿದರೆ ಆ ಬೂಟು ಬೇಡ, ಹಳೆಯದೇ ವಾಸಿ. ಇವತ್ತು ಕೊಂಡ ಬೂಟಂತೂ ನಾಳೆಗೆ ಬೇಡವೇ ಬೇಡ. ಎರಡು ಜೊತೆ ಕಾಲುಚೀಲ, ಗುಳ್ಳೆ ಏಳುವ ಜಾಗಕ್ಕೆ ಅಂಟಿಸಲು ಟೇಪ್ ಇಟ್ಟುಕೊಳ್ಳಿ. ಮಳೆ ನಿಂತ ಹೊಸತರಲ್ಲಿ ಹೊರಡುವವರು ಉಂಬಳಕ್ಕೆಂದು (ಜಿಗಣೆ) ಒಂದು ಚಿಕ್ಕ ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿಕೊಳ್ಳಬೇಕು. ಮೊದಲ ಭಾಗದ ದಟ್ಟ ಕಾಡಿನಲ್ಲಿ ಅವುಗಳ ಕಾಟ ಹೆಚ್ಚು.

ಚೀಲ

ಒಯ್ಯಬೇಕೆಂದಿರುವುದನ್ನೆಲ್ಲ ಚಾಪೆಯ ಮೇಲೆ ಹರಡಿ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಸಂಜೆ ನಾಲ್ಕಕ್ಕೆ ಮಂಡಿ ನಡುಗುತ್ತಿರುವಾಗ ಇದನ್ನು ಹೊರಲು ಮನಸ್ಸಾದೀತೇ ಎಂದು ಕೇಳಿಕೊಳ್ಳಿ. ಎರಡನೇ ಪ್ಯಾಂಟ್, ದೊಡ್ಡ ಟವೆಲ್, ಹಾಡು ಕೇಳುವ ಸ್ಪೀಕರ್ ಎಲ್ಲ ಅಲ್ಲೇ ಉಳಿಯುತ್ತವೆ. ಸ್ಪೀಕರ್ ಅಭಯಾರಣ್ಯದೊಳಗೆ ಹೋಗಲೇಬಾರದು, ಅದು ಪ್ರಾಣಿಪಕ್ಷಿಗಳ ಮನೆ. ಟಾರ್ಚ್ ಮಾತ್ರ ಹಗಲಲ್ಲೇ ಮರಳುವ ಯೋಜನೆಯಿದ್ದರೂ ಬೇಕು. ಮೊಬೈಲಿನ ಬೆಳಕನ್ನು ನೆಚ್ಚಿಕೊಂಡರೆ ಕರೆ ಮಾಡಬೇಕಾದ ಹೊತ್ತಿಗೆ ಬ್ಯಾಟರಿ ಇರುವುದಿಲ್ಲ. ಟೊಪ್ಪಿ ಮರೆಯಬೇಡಿ: ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಕಲ್ಲು ಮಂಟಪದವರೆಗೆ ನೆರಳು ಬಲು ಅಪರೂಪ.

ನೀರು, ಬುತ್ತಿ

ತಲೆಗೆ ಮೂರು ಲೀಟರ್ ನೀರು ಹಿಡಿಯುವಷ್ಟು ಬಾಟಲಿಗಳಿರಲಿ. ಮತ್ತೆಮತ್ತೆ ಬಳಸುವಂಥವೇ ಆಗಲಿ, ಅರಣ್ಯ ಸಿಬ್ಬಂದಿ ಪ್ಲಾಸ್ಟಿಕ್ಕಿಗಾಗಿ ಚೀಲ ತಪಾಸಣೆ ಮಾಡುತ್ತಾರೆ. ದಾರಿಯ ತೊರೆಗಳನ್ನು ನಂಬಿ ಬಾಟಲಿ ಕಡಿಮೆ ಮಾಡಬೇಡಿ, ಮಳೆ ದೂರವಾದಂತೆ ಅವು ಬತ್ತುತ್ತವೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಬುತ್ತಿಗೆ ಚಪಾತಿ–ಚಟ್ನಿಪುಡಿ ಒಳ್ಳೆಯದು. ಬಾಳೆಲೆಯಲ್ಲಿ ಸುತ್ತಿ ಬಟ್ಟೆಯಲ್ಲಿ ಕಟ್ಟಿದರೆ ಕಸದ ಗೊಡವೆಯಿಲ್ಲ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ನಡೆಯುತ್ತಲೇ ತಿನ್ನಲು ಶೇಂಗಾ ಚಿಕ್ಕಿ, ಹುರಿಗಡಲೆ–ಬೆಲ್ಲ ಸಾಕು. ಇದರಲ್ಲಿ ಅರ್ಧವನ್ನು ಬೇರೆ ಪೊಟ್ಟಣ ಮಾಡಿ ಚೀಲದ ತಳಕ್ಕೆ ಹಾಕಿ. ಶಿಖರ ಮುಟ್ಟುವ ತನಕ ಅದಕ್ಕೆ ಕೈಹಾಕುವಂತಿಲ್ಲ.

ಸಂಜೆ

ಕುಕ್ಕೆಯನ್ನು ಸಂಜೆಯೊಳಗೆ ತಲುಪಿಬಿಡಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಮುಂಜಾನೆಯೇ ಬೆಟ್ಟ ಹತ್ತುವುದು ಎಷ್ಟೇ ರೂಢಿಯಲ್ಲಿದ್ದರೂ ನನಗೆ ಒಪ್ಪಿಗೆಯಿಲ್ಲ. ನಿದ್ದೆಯಿಲ್ಲದ ಕಾಲು ಸಡಿಲ ಕಲ್ಲಿನ ಮೇಲೆ ತಪ್ಪುತ್ತದೆ. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವುದು ಊರಿನಿಂದ ಹತ್ತು ಕಿಲೋಮೀಟರಿಗೂ ಆಚೆ, ನೆಟ್ಟಣದಲ್ಲಿ ಎಂಬುದು ನೆನಪಿರಲಿ. ದೇವರ ದರ್ಶನ ಮುಗಿಸಿ, ಖಾರ ಎಣ್ಣೆ ಇಲ್ಲದ ಊಟ ಮಾಡಿ. ಯಾವ ದಾರಿ, ಯಾರ್‍ಯಾರು, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಮನೆಯವರಿಗೆ ತಿಳಿಸಿ.

ಮಲಗುವ ಮುನ್ನ ಜೊತೆಗಾರರೆಲ್ಲ ಕುಳಿತು ತಿರುಗುವ ಹೊತ್ತನ್ನು ನಿಗದಿ ಮಾಡಿ. ಇಳಿಯಲು ನಾಲ್ಕೈದು ಗಂಟೆ ಬೇಕು, ಚಳಿಗಾಲದಲ್ಲಿ ಆರೂಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ವಾಪಸ್ ತಿರುಗಲು ಮಧ್ಯಾಹ್ನದ ಒಂದು ಗಂಟೆಯೇ ಕೊನೆಯ ಹೊತ್ತು, ಅದೂ ತಡವೇ ಎನ್ನಬೇಕು. ಇಲಾಖೆ ಅದಕ್ಕಿಂತ ಮೊದಲಿನ ಸಮಯ ಹೇಳಿದ್ದರೆ ಅದೇ ಅಂತಿಮ. ಶಿಖರಕ್ಕೂ ಮೊದಲು ಸಿಗುವ ಶೇಷ ಪರ್ವತದ ಮೇಲೆ ನಿಂತಾಗ ಶಿಖರ ಇನ್ನೇನು ಸಿಕ್ಕೇಬಿಟ್ಟಿತು ಅನ್ನಿಸುತ್ತದೆ, ಆದರೆ ನಡುವೆ ಕಾಡೂ ಜಾರುವ ಬಂಡೆಯೂ ಇವೆ. ಅಲ್ಲೇ ಮಧ್ಯಾಹ್ನದ ಒಂದು ಗಂಟೆ ಹೊಡೆದರೆ ಶಿಖರ ಬಿಟ್ಟು ವಾಪಸ್ ತಿರುಗುತ್ತೇವೆ ಎಂದು ಗುಂಪಿನ ಪ್ರತಿಯೊಬ್ಬರೂ ಬಾಯಿಬಿಟ್ಟು ಒಪ್ಪಿದ ಮೇಲೆ ಅಲಾರಾಂ ಇಟ್ಟು ಮಲಗಿ.