ಒಂದು ‘ಅಂತೆ’ ಮತ್ತು ಅಂಗಡಿಯ ಕಡ

2008ರ ಸೆಪ್ಟೆಂಬರ್ 14, ಭಾನುವಾರ. ನಮ್ಮ ಕೆಥೊಲಿಕರ ತೆನೆ ಹಬ್ಬ ಮೊಂತಿ ಫೆಸ್ತ್ ಮುಗಿದು ಆರೇ ದಿನ. ಇಗರ್ಜಿಯಿಂದ (ಚರ್ಚಿನಿಂದ) ತಂದ ತೆನೆ ಇನ್ನೂ ನಮ್ಮ ಮನೆಯ ಅಲ್ತಾರಿನಲ್ಲೇ, ಪ್ರಾರ್ಥನೆಯ ಪೀಠದಲ್ಲೇ, ಇತ್ತು. ಮಧ್ಯಾಹ್ನ ಮಂಗಳೂರಿನಿಂದ ಫೋನು: ಮಿಲಾಗ್ರಿಸ್ ಚರ್ಚಿನ ಹತ್ತಿರ, ನಮ್ಮ ಸನ್ಯಾಸಿನಿಯರ ಆರಾಧನಾ ಮಠಕ್ಕೆ ನುಗ್ಗಿ ಹಾಳುಗೆಡವಿದ್ದಾರೆ.

ನಮ್ಮದು ಬಂಟ್ವಾಳ ತಾಲೂಕಿನ ಒಂದು ಚರ್ಚ್. ನಾನಾಗ ವಾಳೆಯ, ಅಂದರೆ ಚರ್ಚಿನ ಒಂದು ವಾರ್ಡಿನ, ಗುರಿಕಾರ; ನಲವತ್ತು ಮನೆಗಳ ಜವಾಬ್ದಾರಿ. ರಾತ್ರಿ ನಮ್ಮಂಗಳದಲ್ಲಿ ಹುಡುಗರು ಸೇರಿದರು. ಪೇಟೆಯ ದಿನಸಿ ಅಂಗಡಿಯವರ ಮಗನೂ ಕಲ್ಲು ಹೊಡೆಯಲು ಹೋಗಿದ್ದನಂತೆ ಎಂದ ಒಬ್ಬ. ಆ ‘ಅಂತೆ’ ನನ್ನ ಕಿವಿಗೆ ಬೀಳಲೇ ಇಲ್ಲ. “ಹಾಗಾದರೆ ಇನ್ನು ಅಲ್ಲಿಂದ ಸಾಮಾನು ತರುವುದು ಬೇಡ” ಎಂದವನು ನಾನೇ. ಗುರಿಕಾರನ ಮಾತು, ಬೆಳಗಾಗುವಷ್ಟರಲ್ಲಿ ನಲವತ್ತು ಮನೆಗೂ ಮುಟ್ಟಿತು.

ಆ ಅಂಗಡಿಯವರು ಬರೀ ಅಂಗಡಿಯವರಲ್ಲ. ನಮ್ಮ ಗದ್ದೆಗಳೆಲ್ಲ ಅಡಿಕೆ ತೋಟವಾಗಿ ವರ್ಷಗಳೇ ಆಗಿದ್ದವು. ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿ ಹಂಚುವ ತೆನೆ ಬರುತ್ತಿದ್ದುದು ಅವರ ಗದ್ದೆಯಿಂದ. ಅವರ ಪುದ್ವಾರ್ (ಹೊಸ ಅಕ್ಕಿಯ) ಊಟಕ್ಕೆ ಕೊಯ್ಯುವ ಅದೇ ಗದ್ದೆ.

ಮೂರು ವಾರ ಕಳೆದ ಮೇಲೆ ಮುಂಬಯಿಯಿಂದ ರಜೆಗೆ ಬಂದ ನಮ್ಮದೇ ಹುಡುಗನೊಬ್ಬ ಹೇಳಿದ: ಆ ಭಾನುವಾರ ಅಂಗಡಿಯವರ ಮಗ ಅಂಧೇರಿಯಲ್ಲಿ ತನ್ನ ಜೊತೆಯಲ್ಲೇ ಇದ್ದ, ಇಬ್ಬರದೂ ಒಂದೇ ರೂಮು.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಎಂದು ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಎಷ್ಟು ಸಲ ಓದಿದ್ದೆನೋ. ಹೋಗುವುದು ಎಂದರೆ ಎರಡು ಫರ್ಲಾಂಗು ನಡೆಯುವುದು ಎಂದು ಗೊತ್ತಿರಲಿಲ್ಲ. ಪಾದ್ರಿಗಳು ತಾವೂ ಬರುತ್ತೇನೆಂದರು. ನಾನು ಬೇಡವೆಂದೆ. ಪಾದ್ರಿಗಳು ಬಂದರೆ ಅದು ಎರಡು ಧರ್ಮಗಳ ಮಾತುಕತೆಯಾಗುತ್ತದೆ. ತಪ್ಪು ಮಾಡಿದ್ದು ಧರ್ಮವಲ್ಲ, ನಾನು.

ಅಂಗಡಿ ಮುಚ್ಚುವ ಹೊತ್ತಿಗೆ ಹೋದೆ. “ಬಲೆ ಪೊರ್ಬುಲೆ” ಎಂದರು, ಎಂದಿನ ಹಾಗೆ; ಬನ್ನಿ ಎಂದು. ತುಳುವಿನಲ್ಲಿ ನಮ್ಮವರನ್ನು ಕರೆಯುವುದು ಪೊರ್ಬು ಎಂದೇ. ಗಿರಾಕಿಗಳೆಲ್ಲ ಹೋಗುವವರೆಗೆ ಅಕ್ಕಿ ಗೋಣಿಯ ಪಕ್ಕ ನಿಂತಿದ್ದು ಆಮೇಲೆ ಹೇಳಿದೆ: “ಅಣ್ಣ, ಆ ಮಾತು ಹುಟ್ಟಿದ್ದು ಎಲ್ಲೋ, ಊರಿಗೆ ಹಬ್ಬಿಸಿದ್ದು ನಾನು.” ಅವರು ಮೆಣಸಿನ ಪೊಟ್ಟಣಕ್ಕೆ ನೂಲು ಸುತ್ತುತ್ತಲೇ ಇದ್ದರು, ಬೇಕಾದ್ದಕ್ಕಿಂತ ನಾಲ್ಕು ಸುತ್ತು ಹೆಚ್ಚು. ಕೊನೆಗೆ ಕಡದ ಪುಸ್ತಕ ತೆಗೆದರು. “ನಿಮ್ಮವರ ಹನ್ನೊಂದು ಮನೆಯ ಲೆಕ್ಕ ಹಾಗೇ ಇದೆ. ಕೇಳಲು ಹೋಗಲಿಲ್ಲ. ಹೋದರೆ ಜಗಳಕ್ಕೆ ಬಂದ ಅಂತಾರೆ.” ಸ್ವಲ್ಪ ಹೊತ್ತು ಬಿಟ್ಟು, “ಇಲ್ಲಿ ಹೇಳಿದಿರಿ, ಸರಿ. ಅವತ್ತು ಎಲ್ಲಿ ಹೇಳಿದಿರೋ ಅಲ್ಲಿ ಹೇಳುತ್ತೀರಾ?”

ಅಲ್ಲಿ ಹೇಳುವುದೇ ಕಷ್ಟವಾಯಿತು. ಅದೇ ಅಂಗಳ, ಅದೇ ಹುಡುಗರು. ಒಬ್ಬ ಎದ್ದು ನಿಂತ: “ಪೆಟ್ಟು ತಿಂದವರು ನಾವು, ಕ್ಷಮೆ ಕೇಳುವವರೂ ನಾವೇನಾ?” ಉತ್ತರಕ್ಕೂ ಕಾಯದೆ ಹೊರಟುಹೋದ. ಅವನ ಪ್ರಶ್ನೆಯಲ್ಲಿ ಸುಳ್ಳಿರಲಿಲ್ಲ. ಪೆಟ್ಟಿನ ಲೆಕ್ಕವನ್ನು ನಾನೂ ಬಿಡಲಿಲ್ಲ, ಆ ದಾಳಿಗಳ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಮುಂದೆ ಹೇಳಿಕೆ ಕೊಡಲು ಹೊರಟವರ ಜೊತೆ ಮಂಗಳೂರಿಗೆ ಬಸ್ಸು ಹತ್ತಿದ್ದೇನೆ. ರಾಜಿ ಎಂದರೆ ದೂರು ಹಿಂತೆಗೆಯುವುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಠಕ್ಕೆ ನುಗ್ಗಿದವರ ಲೆಕ್ಕವನ್ನು ಅಂಧೇರಿಯಲ್ಲಿದ್ದ ಹುಡುಗನ ಅಪ್ಪನ ಅಂಗಡಿಯಲ್ಲಿ ಚುಕ್ತಾ ಮಾಡಲಾಗದು.

ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ದಾಳಿಗೆ ಕೊಟ್ಟ ಕಾರಣ ಮತಾಂತರದ ಆರೋಪ. ಶಾಂತಿ ಸಭೆಯೊಂದರಲ್ಲಿ ನಾನು, “ನಾವು ಕೆಥೊಲಿಕರು ಮತಾಂತರ ಮಾಡುವವರಲ್ಲ, ಅದೇನಿದ್ದರೂ ಆ ಸಣ್ಣ ಪ್ರಾರ್ಥನಾ ಮಂದಿರಗಳವರು” ಎಂದುಬಿಟ್ಟೆ. ಎದುರಿನವರು ತಲೆಯಾಡಿಸಿದರು, ಚಹಾ ಬಂತು, ಎಲ್ಲ ಸುಸೂತ್ರ. ಆ ಭಾನುವಾರ ಅವರ ಮಂದಿರಗಳಿಗೂ ಕಲ್ಲು ಬಿದ್ದಿತ್ತು. ನಮಗಿಂತ ಬಡವರನ್ನು ಮುಂದೆ ದೂಡಿ ನಾನು ನೆಮ್ಮದಿ ಕೊಂಡಿದ್ದೆ. ಆ ವಾಕ್ಯವನ್ನು ಆಮೇಲೆ ಎಲ್ಲೂ ಆಡಿಲ್ಲ. ಯಾರಾದರೂ ಆಡಿದರೆ ಅಲ್ಲೇ ತಡೆಯುತ್ತೇನೆ.

ಈಗ ಅಂಗಳದ ಕೆಲಸವನ್ನು ವಾಟ್ಸಾಪ್ ಮಾಡುತ್ತದೆ. ಏನಾದರೂ ಬಂದರೆ, ಕಳಿಸಿದವನಿಗೆ ಫೋನು ಮಾಡಿ ನೀನೇ ಕಂಡದ್ದಾ ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅಷ್ಟಕ್ಕೇ ಅಳಿಸಿಬಿಡುತ್ತಾರೆ. ಆ ಊರಿನಲ್ಲಿ ಗುರುತಿನವರಿದ್ದರೆ ಅವರಿಗೂ ಒಂದು ಫೋನು. ರಾತ್ರಿ ಎಂಟರ ಮೇಲೆ ಯಾವ ತೀರ್ಮಾನವೂ ಇಲ್ಲ. ಗುಂಪು ಕಟ್ಟಿಕೊಂಡು ಯಾರ ಮನೆಗೂ ಹೋಗುವುದಿಲ್ಲ.

2009ರ ಆಗಸ್ಟ್ ಕೊನೆಯಲ್ಲಿ ತೆನೆ ಕೇಳಲು ಹೋಗುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ಅಂಗಡಿಯಿಂದಲೇ ಫೋನು ಬಂತು. “ಎಷ್ಟು ಕಟ್ಟು ಬೇಕು ಪೊರ್ಬುಲೆ? ಈಗಲೇ ಬರಬೇಡಿ, ಇನ್ನೂ ಹಾಲುಗಾಳು.”

ಅವತ್ತು ಎದ್ದುಹೋದ ಹುಡುಗನಿಗೆ ಈಗ ನಲವತ್ತು ದಾಟಿದೆ. ಆ ಅಂಗಡಿಯ ಮೆಟ್ಟಿಲು ಅವನು ಇವತ್ತಿಗೂ ಹತ್ತುವುದಿಲ್ಲ. ಹೆಂಡತಿ ಹೋಗಿ ಸಾಮಾನು ತರುತ್ತಾಳೆ. ಕಡದ ಪುಸ್ತಕದಲ್ಲಿರುವುದು ಅವನದೇ ಹೆಸರು.